ಮಾನಸಿಕ ಕಾಯಿಲೆ: ಸೇವಾಸಂಸ್ಥೆಗಳ ನೆರವು ಪಡೆಯುವ ಬಗೆ

ದೂಧಗಂಗಾ ಮತ್ತು ವೇದಗಂಗಾ ನದಿಗಳ ಸಂಗಮದ ಬಳಿಯಿರುವ ಭೋಜ ಗ್ರಾಮವು ನಿಪ್ಪಾಣಿ ತಾಲ್ಲೂಕಿಗೆ ಸೇರಿದೆ. ಇಲ್ಲಿನವರಿಗೆ ಜಿಲ್ಲಾ ಕೇಂದ್ರವಾದ ಬೆಳಗಾವಿಗಿಂತ ಮಹಾರಾಷ್ಟ್ರದ ಕೊಲ್ಹಾಪುರವೇ ಹತ್ತಿರ. ಕಾಯಿಲೆ ಬಿದ್ದವರನ್ನು ಕೊಲ್ಹಾಪುರಕ್ಕೋ ಮಿರಜಕ್ಕೋ ಕರೆದೊಯ್ಯುವ ರೂಢಿ ಗಡಿಭಾಗದಲ್ಲಿ ಹಳೆಯದು. ಆದರೆ ಮನಸ್ಸಿನ ಕಾಯಿಲೆಯ ಸಂಗತಿ ಬೇರೆ. ನಿದ್ದೆಗೆಡುವುದು, ತನ್ನಷ್ಟಕ್ಕೆ ತಾನೇ ಮಾತನಾಡುವುದು, ವಿನಾಕಾರಣ ಸಂಶಯಪಡುವುದು, ಕೆಲಸ ಬಿಟ್ಟು ಮೂಲೆ ಹಿಡಿಯುವುದು ಇವನ್ನೆಲ್ಲ ‘ಗಾಳಿ ಸೋಕಿದೆ’, ‘ಯಾರೋ ಮಾಡಿಸಿದ್ದಾರೆ’ ಎಂದು ಭಾವಿಸಿ ದೇವಸ್ಥಾನ, ದರ್ಗಾ, ಮಂತ್ರವಾದಿಗಳ ಬಳಿ ಅಲೆದು, ಸಾಲ ಮಾಡಿ, ವರ್ಷಗಳ ನಂತರ ವೈದ್ಯರನ್ನು ಕಾಣುವ ಕುಟುಂಬಗಳು ಇಂದಿಗೂ ಇವೆ.

ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆಯಿತ್ತು. ಕಾಯಿಲೆಯ ಬಗೆಗೆ ತಕ್ಕಂತೆ ಇವರಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಈ ಕಂದಕವನ್ನು ತುಂಬುವಲ್ಲಿ ಸರ್ಕಾರದ ಜೊತೆಗೆ ಸೇವಾಸಂಸ್ಥೆಗಳದ್ದೂ ಪಾಲಿದೆ. ಆದರೆ ಸೇವಾಸಂಸ್ಥೆಯು ವೈದ್ಯರಿಗೆ ಬದಲಿಯಲ್ಲ. ಆಸ್ಪತ್ರೆಯಿಂದ ಹೊರಬಂದ ರೋಗಿ ಮನೆ, ಕೆಲಸ, ಊರಿನ ಬದುಕಿಗೆ ಮರಳುವವರೆಗಿನ ದಾರಿಯಲ್ಲಿ ಅದರ ನೆರವು ಹೆಚ್ಚು ಬೇಕಾಗುತ್ತದೆ.

ಸೇವಾಸಂಸ್ಥೆಗಳು ಮಾಡುವುದೇನು?

ಬೆಂಗಳೂರಿನಲ್ಲಿ 1964ರಲ್ಲಿ ಆರಂಭವಾದ ಮೆಡಿಕೊ ಪಾಸ್ಟೊರಲ್ ಅಸೋಸಿಯೇಷನ್ ಈ ಕ್ಷೇತ್ರದ ಹಳೆಯ ಸಂಸ್ಥೆಗಳಲ್ಲಿ ಒಂದು. ಚೆನ್ನೈನ ಸ್ಕಾರ್ಫ್ 1984ರಲ್ಲಿ, ರಿಚ್ಮಂಡ್ ಫೆಲೋಶಿಪ್ ಸೊಸೈಟಿ 1986ರಲ್ಲಿ ಹುಟ್ಟಿಕೊಂಡವು. ಇಂತಹ ಸಂಸ್ಥೆಗಳು ನಡೆಸುವ ‘ಹಾಫ್‌ವೇ ಹೋಮ್’ ಎಂದರೆ ಆಸ್ಪತ್ರೆಗೂ ಮನೆಗೂ ನಡುವಿನ ತಂಗುದಾಣ. ಔಷಧಿಯಿಂದ ಕಾಯಿಲೆ ಹಿಡಿತಕ್ಕೆ ಬಂದವರು ಅಲ್ಲಿ ಕೆಲವು ತಿಂಗಳು ಉಳಿದು ಹೊತ್ತಿಗೆ ಏಳುವುದು, ಅಡುಗೆ, ಹಣದ ಲೆಕ್ಕ, ನಾಲ್ಕು ಜನರೊಡನೆ ಬೆರೆಯುವುದು ಮೊದಲಾದವನ್ನು ಮತ್ತೆ ರೂಢಿಸಿಕೊಳ್ಳುತ್ತಾರೆ. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವವರಿಗಾಗಿ ಹಗಲು ಆರೈಕೆ ಕೇಂದ್ರಗಳಿವೆ. ಆರೈಕೆ ಮಾಡುವವರು ಒಂದೆಡೆ ಕುಳಿತು ಕಷ್ಟಸುಖ ಹೇಳಿಕೊಳ್ಳುವ ಕುಟುಂಬ ಸಭೆಗಳೂ ನಡೆಯುತ್ತವೆ.

ಇವುಗಳಲ್ಲಿ ಹೆಚ್ಚಿನವು ನಗರಗಳಲ್ಲಿವೆ. ಹಳ್ಳಿಗೆ ಹೊಂದುವ ಮಾದರಿಯೊಂದು ದಾವಣಗೆರೆ ಜಿಲ್ಲೆಯಲ್ಲಿ ರೂಪುಗೊಂಡಿತು. ನಟಿ ದೀಪಿಕಾ ಪಡುಕೋಣೆ 2015ರಲ್ಲಿ ಸ್ಥಾಪಿಸಿದ ಲಿವ್ ಲವ್ ಲಾಫ್ ಪ್ರತಿಷ್ಠಾನವು, 1959ರಿಂದ ಅಂಗವಿಕಲರಿಗಾಗಿ ದುಡಿಯುತ್ತಿರುವ ಎಪಿಡಿ ಸಂಸ್ಥೆಯೊಡನೆ ಸೇರಿ ಅಲ್ಲಿ ಗ್ರಾಮೀಣ ಕಾರ್ಯಕ್ರಮ ಕೈಗೊಂಡಿತು. ಅಲ್ಲಿ ಹೊಸ ಆಸ್ಪತ್ರೆ ಕಟ್ಟುವುದು ಉದ್ದೇಶವಾಗಿರಲಿಲ್ಲ. ರೋಗಿಗಳನ್ನು ಮನೆ ಬಾಗಿಲಿನಲ್ಲಿ ಗುರುತಿಸುವುದು, ಸರ್ಕಾರಿ ವೈದ್ಯರೊಡನೆ ಸಂಪರ್ಕ ಕಲ್ಪಿಸುವುದು, ಔಷಧಿ ತಪ್ಪದಂತೆ ನೋಡಿಕೊಳ್ಳುವುದು, ಪಿಂಚಣಿ ಕಾಗದಪತ್ರ ಮಾಡಿಸಿಕೊಡುವುದು ಮತ್ತು ಆರೈಕೆದಾರರ ಗುಂಪು ಕಟ್ಟುವುದು ಅದರ ಕೆಲಸವಾಗಿತ್ತು.

ಮೊದಲ ಹೆಜ್ಜೆ ಎಲ್ಲಿಂದ?

ಸಂಸ್ಥೆಯನ್ನು ಹುಡುಕುವ ಮುನ್ನ ಕಾಯಿಲೆ ಯಾವುದೆಂದು ತಿಳಿಯಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ. ಕನ್ನಡ, ಮರಾಠಿ ಎರಡರಲ್ಲೂ ಮಾತನಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಕರ್ನಾಟಕವೇ ಮಾದರಿ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಅದು ದೇಶದಲ್ಲಿ ಜಾರಿಗೆ ಬಂದಿತು. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ಮಂಗಳವಾರ ರೋಗಿಗಳನ್ನು ನೋಡುವ ‘ಮನೋಚೈತನ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ವೈದ್ಯರು ಬರುವ ದಿನವನ್ನು ಆಶಾ ಕಾರ್ಯಕರ್ತೆಯ ಮೂಲಕ ಮೊದಲೇ ವಿಚಾರಿಸಿ ಹೊರಡುವುದು ಒಳಿತು. ಹೆಚ್ಚಿನ ಚಿಕಿತ್ಸೆಗೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆ ಹಾಗೂ ಧಾರವಾಡದ ಡಿಮ್ಹಾನ್ಸ್ ಇವೆ. ಯಾವ ಸೇವಾಸಂಸ್ಥೆ ಈ ರೋಗಿಗೆ ಹೊಂದುತ್ತದೆ ಎಂಬುದನ್ನು ಅಲ್ಲಿನ ಮನೋಸಾಮಾಜಿಕ ಕಾರ್ಯಕರ್ತರನ್ನು ಕೇಳಿ ತಿಳಿಯಬಹುದು. ಜಾಹೀರಾತು ನೋಡಿ ಹೋಗುವುದಕ್ಕಿಂತ ಇದು ಸುರಕ್ಷಿತ.

ಮದ್ಯವ್ಯಸನಕ್ಕೆ

ಕುಡಿತ ಬಿಡಿಸುವ ಕೆಲಸದಲ್ಲಿ ಸೇವಾಸಂಸ್ಥೆಗಳ ಅನುಭವ ದೊಡ್ಡದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯು ರಾಜ್ಯದ ಹಲವೆಡೆ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಮರಾಠಿ ಬಲ್ಲವರಿಗೆ ಪುಣೆಯ ಮುಕ್ತಾಂಗಣ ಪರಿಚಿತ ಹೆಸರು. ಲೇಖಕ ಅನಿಲ ಅವಚಟ ಮತ್ತು ಅವರ ಪತ್ನಿ ಡಾ. ಸುನಂದಾ ಅದನ್ನು 1986ರಲ್ಲಿ ಆರಂಭಿಸಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕವಿಲ್ಲ, ಹೆಸರು ಬಹಿರಂಗಪಡಿಸಬೇಕಾಗಿಯೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಲವು ವರ್ಷ ದಿನವೂ ಅತಿಯಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೈನಡುಕ, ಫಿಟ್ಸ್, ಭ್ರಮೆ ಉಂಟಾಗಿ ಪ್ರಾಣಾಪಾಯವಾಗಬಹುದು. ಆದ್ದರಿಂದ ಶಿಬಿರಕ್ಕೆ ಸೇರಿಸುವ ಮುನ್ನ ವೈದ್ಯರ ತಪಾಸಣೆ ಆಗಲೇಬೇಕು.

ಸೇರಿಸುವ ಮುನ್ನ ನೋಡಬೇಕಾದುದು

ತಮಿಳುನಾಡಿನ ಏರ್ವಾಡಿಯ ದರ್ಗಾ ಬಳಿಯ ಖಾಸಗಿ ಆಶ್ರಯವೊಂದರಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. 28 ಮಂದಿ ಸತ್ತರು. ನಂಬಿ ಬಿಟ್ಟುಬಂದ ಜಾಗ ಎಂತಹದ್ದೆಂದು ನೋಡದಿದ್ದರೆ ಏನಾದೀತು ಎಂಬುದಕ್ಕೆ ಈ ದುರಂತವೇ ನಿದರ್ಶನ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಈಗ ಜಾರಿಯಲ್ಲಿದೆ. ಅದರಂತೆ ರೋಗಿಗಳನ್ನು ಇರಿಸಿಕೊಳ್ಳುವ ಯಾವುದೇ ಸಂಸ್ಥೆಯು ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಹೊಂದಿರಬೇಕು. ಟ್ರಸ್ಟ್ ಎಂದು ನೋಂದಣಿಯಾಗಿರುವುದಾಗಲಿ, ದೇಣಿಗೆಗೆ ತೆರಿಗೆ ವಿನಾಯಿತಿ ಇರುವುದಾಗಲಿ ಇದಕ್ಕೆ ಸಾಟಿಯಲ್ಲ. ಮನೆಯವರು ಕೇಳಬೇಕಾದ ಪ್ರಶ್ನೆಗಳು ಇವು:

- ಪ್ರಾಧಿಕಾರದ ನೋಂದಣಿ ಪತ್ರವಿದೆಯೇ?
- ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ಔಷಧಿಯ ಚೀಟಿ ಮನೆಯವರಿಗೆ ಕೊಡುತ್ತಾರೆಯೇ?
- ರೋಗಿಯನ್ನು ಕಾಣಲು, ಫೋನಿನಲ್ಲಿ ಮಾತನಾಡಲು ಅವಕಾಶವಿದೆಯೇ?
- ತಿಂಗಳ ಶುಲ್ಕವೆಷ್ಟು? ಬಡವರಿಗೆ ರಿಯಾಯಿತಿಯಿದೆಯೇ? ರಸೀದಿ ಸಿಗುತ್ತದೆಯೇ?
- ಎಷ್ಟು ಕಾಲ ಇರಬೇಕು? ಬಿಡುಗಡೆಯ ನಂತರ ವಿಚಾರಿಸುವವರು ಯಾರು?

ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು, ಬಲವಂತವಾಗಿ ತಲೆ ಬೋಳಿಸುವುದು, ಕೂಲಿಯಿಲ್ಲದೆ ದುಡಿಸಿಕೊಳ್ಳುವುದು ಈ ಕಾಯ್ದೆಯ ಪ್ರಕಾರ ನಿಷಿದ್ಧ. ಇವುಗಳಲ್ಲಿ ಒಂದು ಕಂಡರೂ ಅಲ್ಲಿ ಸೇರಿಸಬಾರದು.

ಗಡಿಭಾಗದವರು ಗಮನಿಸಬೇಕಾದುದು

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಅಂಗವೈಕಲ್ಯದ ಪ್ರಮಾಣ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ. ಚಿಕಿತ್ಸೆ ಕೊಲ್ಹಾಪುರದಲ್ಲಿ ನಡೆದಿದ್ದರೂ ಪ್ರಮಾಣಪತ್ರಕ್ಕೆ ವಾಸವಿರುವ ಬೆಳಗಾವಿ ಜಿಲ್ಲೆಯಲ್ಲಿ ಅರ್ಜಿ ಸಲ್ಲಿಸಬಹುದು. ಹಾಗಾಗಿ ಮಹಾರಾಷ್ಟ್ರದ ಆಸ್ಪತ್ರೆಯ ಚೀಟಿ, ಬಿಡುಗಡೆ ಪತ್ರಗಳನ್ನು ಮೊದಲ ದಿನದಿಂದಲೇ ಜೋಪಾನವಾಗಿಡಬೇಕು. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

ಮನೆ ಬಿಟ್ಟು ಹೋದ ರೋಗಿಗಳ ಬಗ್ಗೆ ತಡಮಾಡದೆ ಪೊಲೀಸರಿಗೆ ದೂರು ಕೊಡಬೇಕು. ಬೀದಿಯಲ್ಲಿ ಅಲೆಯುವ ಮನೋರೋಗಿಗಳಿಗೆ ಚಿಕಿತ್ಸೆ ನೀಡಿ ಮನೆಗೆ ಮುಟ್ಟಿಸುವ ಮಹಾರಾಷ್ಟ್ರದ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನದ ಸಂಸ್ಥಾಪಕ ಡಾ. ಭರತ್ ವಾಟ್ವಾನಿ ಅವರಿಗೆ 2018ರ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ದೂರು ಮತ್ತು ಭಾವಚಿತ್ರ ಠಾಣೆಯಲ್ಲಿದ್ದರೆ ಎಲ್ಲೋ ಸಿಕ್ಕ ರೋಗಿಯ ಮನೆ ಪತ್ತೆಹಚ್ಚುವುದು ಸುಲಭವಾಗುತ್ತದೆ.

ಜೀವಕ್ಕೆ ಅಪಾಯವಿದ್ದಾಗ

ಸಾಯುವ ಮಾತನ್ನಾಡುವವರನ್ನು ಒಬ್ಬರೇ ಇರಲು ಬಿಡಬಾರದು. ‘ಸುಮ್ಮನೆ ಹೆದರಿಸುತ್ತಾರೆ’ ಎಂದು ಕಡೆಗಣಿಸಲೂಬಾರದು. ಕಬ್ಬು, ತಂಬಾಕು ಬೆಳೆಯುವ ಮನೆಗಳಲ್ಲಿ ಕೀಟನಾಶಕ ಕೈಗೆಟಕುವಂತಿರುತ್ತದೆ. ಅದನ್ನು ಬೀಗ ಹಾಕಿ, ಸಾಧ್ಯವಾದರೆ ಮನೆಯಿಂದ ಹೊರಗೆ ಇಡಬೇಕು. ಚೆನ್ನೈನ ಸ್ನೇಹಾ ಸಂಸ್ಥೆಯವರು ತಮಿಳುನಾಡಿನ ಹಳ್ಳಿಗಳಲ್ಲಿ ಕೀಟನಾಶಕಗಳನ್ನು ಸಾರ್ವಜನಿಕ ಉಗ್ರಾಣದಲ್ಲಿ ಬೀಗದ ಪೆಟ್ಟಿಗೆಗಳಲ್ಲಿಡುವ ಪ್ರಯೋಗವನ್ನೇ ನಡೆಸಿದ್ದಾರೆ. ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಕಾಯ್ದೆ ಪರಿಗಣಿಸುತ್ತದೆ. ಕೇಸಾಗುತ್ತದೆಂಬ ಭಯದಿಂದ ಆಸ್ಪತ್ರೆಗೆ ಒಯ್ಯಲು ತಡಮಾಡಬಾರದು. ತುರ್ತಿಗೆ 108 ಅಥವಾ 112ಕ್ಕೆ ಕರೆ ಮಾಡಬೇಕು.

ಮಧುಮೇಹ, ರಕ್ತದೊತ್ತಡಗಳಂತೆ ಹಲವು ಮಾನಸಿಕ ಕಾಯಿಲೆಗಳಿಗೂ ದೀರ್ಘಕಾಲ ಔಷಧಿ ಬೇಕಾಗುತ್ತದೆ. ಗುಣವಾದಂತೆ ಕಂಡೊಡನೆ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಮಾತ್ರೆಯ ಚೀಟಿ ವೈದ್ಯರಿಂದ ಬರಬೇಕು. ಅದನ್ನು ತಪ್ಪದೆ ನುಂಗಿಸುವ, ರೋಗಿಯನ್ನು ಮತ್ತೆ ಕೆಲಸಕ್ಕೆ ಹಚ್ಚುವ, ದಣಿದ ಮನೆಯವರಿಗೆ ಹೆಗಲಾಗುವ ಕೆಲಸದಲ್ಲಿ ಸೇವಾಸಂಸ್ಥೆ ಜೊತೆಗಿರಬಲ್ಲದು. ಎರಡನ್ನೂ ಬೇಗ ಕೇಳಿ ಪಡೆದಷ್ಟೂ ರೋಗಿ ಚೇತರಿಸಿಕೊಳ್ಳುವ ಅವಕಾಶ ಹೆಚ್ಚು.