ಬ್ರಯಾನ್ ದೊರೆಯ ಮೊಮ್ಮಕ್ಕಳು: ಒಬ್ರಿಯಾನ್ ಮನೆತನದ ಸಾವಿರ ವರ್ಷ

1014ರ ಏಪ್ರಿಲ್ 23, ಗುಡ್‌ಫ್ರೈಡೆ. ಡಬ್ಲಿನ್ ಬಳಿಯ ಕ್ಲಾನ್‌ಟಾರ್ಫ್ ಕಾಳಗದಲ್ಲಿ ಐರ್ಲೆಂಡಿನ ಮಹಾರಾಜ ಬ್ರಯಾನ್ ಬೊರುವಿನ ಸೈನ್ಯ ಗೆದ್ದಿತು. ಆದರೆ ಗೆಲುವನ್ನು ಅನುಭವಿಸಲು ದೊರೆಯೇ ಉಳಿಯಲಿಲ್ಲ. ಮಗನೊಬ್ಬ, ಮೊಮ್ಮಗನೊಬ್ಬ ಅದೇ ದಿನ ರಣರಂಗದಲ್ಲಿ ಬಿದ್ದರು. ಬ್ರಯಾನನ ದೇಹವನ್ನು ಉತ್ತರದ ಆರ್ಮಾಕ್ಕೆ ಒಯ್ದು ಮಣ್ಣು ಮಾಡಿದರು.

ಶಾನನ್ ನದಿಯ ದಡದ ಒಂದು ಸಣ್ಣ ಕುಲದಲ್ಲಿ ಹುಟ್ಟಿ ಇಡೀ ದ್ವೀಪದ ಒಡೆತನಕ್ಕೇರಿದವನು ಈ ಬ್ರಯಾನ್. ಕ್ಲೇರ್ ಜಿಲ್ಲೆಯ ಕಿಲ್ಲಲೂ ಊರಲ್ಲಿ ಅವನ ಅರಮನೆ ಇತ್ತೆಂದು ಹೇಳುವ ದಿಬ್ಬದ ಮೇಲೆ ಈಗ ಕ್ಯಾಥೊಲಿಕ್ ಚರ್ಚ್ ಇದೆ.

ಹಳೆಯ ಐರಿಷ್ ಭಾಷೆಯಲ್ಲಿ ‘ಉವಾ’ ಎಂದರೆ ಮೊಮ್ಮಗ; ಅದೇ ಸವೆದು ‘ಓ’ ಆಯಿತು. 1086ರಲ್ಲಿ ತೀರಿಕೊಂಡ ಟರ್ಲೋ ಬ್ರಯಾನನ ಸ್ವಂತ ಮೊಮ್ಮಗ. ಹಾಗಾಗಿ ‘ಉವಾ ಬ್ರಿಯನ್’ ಎಂಬುದು ಅವನ ಮಟ್ಟಿಗೆ ಬರೀ ನಂಟಿನ ಮಾತು. ಅವನ ಮಗ ಮುರ್ಟಗ್ ಮರಿಮಗನಾದರೂ ಹೆಸರು ಬದಲಾಗಲಿಲ್ಲ. ಮನೆತನದ ಹೆಸರು ನೆಲೆಗೊಂಡದ್ದು ಹೀಗೆ. ಐರಿಷ್‌ನಲ್ಲಿ ಇಂದಿಗೂ ಈ ಮನೆಯ ಮಗಳು ‘ನೀ ವ್ರಿಯನ್’, ಸೊಸೆ ‘ಬ್ಯಾನ್ ಈ ವ್ರಿಯನ್’.

ಈ ಮುರ್ಟಗ್ 1101ರಲ್ಲಿ ರಾಜಪೀಠವಾಗಿದ್ದ ಕ್ಯಾಶೆಲ್ ಬಂಡೆಯನ್ನೇ ಚರ್ಚಿಗೆ ದಾನ ಕೊಟ್ಟ. 1647ರಲ್ಲಿ ಅದೇ ಬಂಡೆಯ ಮೇಲೆ ಆಶ್ರಯ ಪಡೆದಿದ್ದ ಪಾದ್ರಿಗಳನ್ನೂ ಊರ ಜನರನ್ನೂ ಕೊಲ್ಲಿಸಿದವನು ಇಂಚಿಕ್ವಿನ್ ಪ್ರಭು ಮುರೋ. ಅವನೂ ಒಬ್ರಿಯಾನನೇ! ಜನ ಅವನನ್ನು ‘ಬೆಂಕಿಯ ಮುರೋ’ ಎಂದು ಕರೆದರು.

ಮನೆತನ ಇಬ್ಭಾಗವಾಗುವ ದಾರಿ ತೆರೆದದ್ದು 1543ರಲ್ಲಿ. ಆ ವರ್ಷ ಕುಲದ ನಾಯಕ ಎಂಟನೇ ಹೆನ್ರಿಗೆ ಶರಣಾಗಿ, ಪರಂಪರೆಯ ಬಿರುದನ್ನು ಬಿಟ್ಟು ಥೋಮಂಡ್‌ನ ಅರ್ಲ್ ಆದ. ಹಿಂದೆಯೇ ಇಂಗ್ಲಿಷ್ ಉಡುಪು, ಇಂಗ್ಲಿಷ್ ಕಾನೂನು ಬಂದವು. ಮುಂದಿನ ಶತಮಾನಗಳಲ್ಲಿ ಎಷ್ಟೋ ಸಾಮಾನ್ಯ ಕುಟುಂಬಗಳು ‘ಓ’ ಕೈಬಿಟ್ಟು ಬ್ರಿಯೆನ್, ಬ್ರಯಾನ್ ಎಂದು ಬರೆಸಿಕೊಂಡವು. ಅತ್ತ ಡ್ರೊಮೊಲ್ಯಾಂಡ್ ಕೋಟೆಯ ಶ್ರೀಮಂತ ಶಾಖೆಯಲ್ಲಿ ಹುಟ್ಟಿದ ವಿಲಿಯಂ ಸ್ಮಿತ್ ಒಬ್ರಿಯಾನ್ 1848ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದು, ಮರಣದಂಡನೆ ತಪ್ಪಿ, ಟಾಸ್ಮೇನಿಯಾಕ್ಕೆ ಗಡಿಪಾರಾದ. ಅವನ ಅಣ್ಣ ಲೂಷಿಯಸ್ ಮಾತ್ರ ಇಂಚಿಕ್ವಿನ್ ಪ್ರಭುವಾಗಿ ಬಾಳಿದ.

1890ರ ಲೆಕ್ಕದಲ್ಲಿ ಒಬ್ರಿಯಾನ್ ಐರ್ಲೆಂಡಿನ ಆರನೇ ಅತಿ ಸಾಮಾನ್ಯ ಅಡ್ಡಹೆಸರು. 1893ರಲ್ಲಿ ಗೇಲಿಕ್ ಲೀಗ್ ಹುಟ್ಟಿ ಐರಿಷ್ ನುಡಿಯ ಅಭಿಮಾನ ಚಿಗುರಿದಾಗ, ಬಿಟ್ಟುಹೋಗಿದ್ದ ‘ಓ’ ಹಲವು ಮನೆಗಳಿಗೆ ಮರಳಿತು. ಕಿಲ್ಲಲೂಗೆ ಸಮೀಪದ ಟುವಾಮ್‌ಗ್ರೇನಿಯಲ್ಲಿ ಹುಟ್ಟಿದ ಎಡ್ನಾ ಒಬ್ರಿಯಾನ್ ಅವರ ಮೊದಲ ಕಾದಂಬರಿ ‘ದಿ ಕಂಟ್ರಿ ಗರ್ಲ್ಸ್’ 1960ರಲ್ಲಿ ಹೊರಬಂದಾಗ ತಾಯ್ನಾಡೇ ಅದನ್ನು ನಿಷೇಧಿಸಿತು.

ಭಾರತದ ಆಂಗ್ಲೋ-ಇಂಡಿಯನ್ ಸಮುದಾಯದಲ್ಲೂ ಈ ಹೆಸರಿದೆ. 1967ರಲ್ಲಿ ಕಲ್ಕತ್ತದಲ್ಲಿ ಸಾರ್ವಜನಿಕ ಕ್ವಿಜ್ ಸ್ಪರ್ಧೆಗೆ ನಾಂದಿ ಹಾಡಿದವರು ನೀಲ್ ಒಬ್ರಿಯಾನ್. ಬೋರ್ನ್‌ವಿಟಾ ಕ್ವಿಜ್ ಮೂಲಕ ಮನೆಮಾತಾಗಿ, ಮುಂದೆ ರಾಜ್ಯಸಭೆ ಸೇರಿದ ಡೆರೆಕ್, ನೀಲ್ ಅವರ ಮಗ.