ಹಸು ಮೇವು ಬಿಟ್ಟಾಗ: ದೊಡ್ಡರೋಗದ ಕಥೆ



ಬೆಳಿಗ್ಗೆ ಕೊಟ್ಟಿಗೆಗೆ ಹೋಗುತ್ತೀರಿ. ರಾತ್ರಿ ಹಾಕಿದ ಹುಲ್ಲು ಹಾಗೇ ಬಿದ್ದಿದೆ. ಹಸು ಮೆಲುಕು ಹಾಕುತ್ತಿಲ್ಲ, ಮೂತಿ ಒಣಗಿದೆ. ಈಗಾದರೆ ಅಜೀರ್ಣ ಇರಬೇಕು ಅಂತೀರಿ. ನಿಮ್ಮ ಅಜ್ಜನ ಕಾಲದಲ್ಲಿ ಇಷ್ಟು ಕಂಡರೆ ಸಾಕು, ಮನೆಯವರ ಎದೆ ಧಸಕ್ಕೆನ್ನುತ್ತಿತ್ತು. ದೊಡ್ಡರೋಗ ಬಂತೇ ಎಂಬ ಭಯ!

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮೊದಲು ಜ್ವರ, ಆಮೇಲೆ ಮೇವು ಬಿಡುವುದು, ಕಣ್ಣಲ್ಲಿ ನೀರು. ಬಾಯಿ ತೆರೆದರೆ ವಸಡಿನ ಮೇಲೆ ತೌಡು ಉದುರಿಸಿದಂತೆ ಹುಣ್ಣು. ಅದರ ಹಿಂದೆಯೇ ನಾರುವ, ರಕ್ತ ಬೆರೆತ ಭೇದಿ. ಕಾಲುಬಾಯಿ ಜ್ವರದಲ್ಲೂ ದನ ಮೇವು ಬಿಟ್ಟು ಜೊಲ್ಲು ಸುರಿಸುತ್ತದೆ. ಆದರೆ ಅದರಲ್ಲಿ ಗೊರಸಿನ ಸಂದಿಯೂ ಹುಣ್ಣಾಗಿ ದನ ಕುಂಟುತ್ತದೆ. ಹಾಗಾಗಿ ತಿಳಿದವರು ಬಾಯಿ, ಕಾಲು, ಸಗಣಿ ಮೂರನ್ನೂ ನೋಡಿಯೇ ಮಾತಾಡುತ್ತಿದ್ದರು. ರೋಗ ಗೊತ್ತಾದರೂ ಔಷಧಿ ಇರಲಿಲ್ಲ. ಉಳುವ ಜೋಡಿ ಸತ್ತರೆ ಆ ವರ್ಷದ ಬೆಳೆಯೂ ಹೋದ ಹಾಗೆಯೇ.

1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಶಾಲೆ ಶುರುವಾಯಿತು. ಸೋಂಕು ಊರಿಗೆ ಹಬ್ಬಬಾರದೆಂದು 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದರು. ನಮ್ಮ ಮೈಸೂರು ಸಂಸ್ಥಾನದಲ್ಲೂ 1925ರಲ್ಲಿ ಸೀರಂ ಸಂಸ್ಥೆ ಹುಟ್ಟಿತು. ಸೀರಂ ಕೊಟ್ಟ ರಕ್ಷಣೆ ಮಾತ್ರ ಅಲ್ಪಕಾಲದ್ದು. 1920ರ ದಶಕದಲ್ಲಿ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬವರು ರೋಗದ ವಿಷಾಣುವನ್ನು ಮೇಕೆಯಿಂದ ಮೇಕೆಗೆ ದಾಟಿಸಿ ಅದರ ಕಸುವು ತಗ್ಗಿಸಿದರು. ಲಸಿಕೆಯ ದಾರಿ ತೆರೆದದ್ದು ಹೀಗೆ.

ಆದರೆ ಆ ಲಸಿಕೆ ಹಾಕಿದ ಕೆಲವು ದನಗಳಿಗೆ ಜ್ವರ ಬಂದು, ಅವೂ ಮೇವು ಬಿಡುತ್ತಿದ್ದವು! ಚೆನ್ನಾಗಿದ್ದ ಹಸುವಿಗೆ ಸೂಜಿ ಚುಚ್ಚಿ ರೋಗ ತಂದರು ಎಂದು ರೈತ ಹಿಂಜರಿದಿದ್ದರೆ ಅದನ್ನು ಮೌಢ್ಯ ಎನ್ನಲು ನನಗೆ ಮನಸ್ಸಿಲ್ಲ. ಕಣ್ಣಿಗೆ ಕಂಡದ್ದನ್ನೇ ಅವನು ಹೇಳಿದ.

1954ರಲ್ಲಿ ದೇಶವ್ಯಾಪಿ ನಿರ್ಮೂಲನ ಕಾರ್ಯ ಆರಂಭವಾಯಿತು. ಭಾರತದಲ್ಲಿ ಕೊನೆಯ ಬಾರಿ ರೋಗ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ಮುಕ್ತವೆಂದು ಸಾರಿದರು. ಮನುಷ್ಯರ ಸಿಡುಬು ಬಿಟ್ಟರೆ ಭೂಮಿಯಿಂದ ಅಳಿಸಿಹೋದ ರೋಗ ಇದೊಂದೇ.

ಇಂದು ನಿಮ್ಮ ಹಸು ಮೇವು ಬಿಟ್ಟರೆ ಅದು ದೊಡ್ಡರೋಗವಂತೂ ಅಲ್ಲ. ರಾಗಿ, ಅಕ್ಕಿ ಹೆಚ್ಚು ತಿಂದಿತೇ? ತಂತಿ, ಮೊಳೆ ನುಂಗಿತೇ? ಕರು ಹಾಕಿ ಎಷ್ಟು ದಿನವಾಯಿತು? ಕಾಲು ನೋಡಿ, ಸಗಣಿ ನೋಡಿ, ಕಂಡದ್ದನ್ನು ಪಶುವೈದ್ಯರಿಗೆ ಹೇಳಿ. ಅವರು ಬರುವ ತನಕ ಗೊಟ್ಟದಲ್ಲಿ ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ಬರಿಗೈಯನ್ನಂತೂ ಬಾಯೊಳಗೆ ಹಾಕಲೇಬೇಡಿ: ಹುಚ್ಚುನಾಯಿ ಕಚ್ಚಿದ ದನವೂ ಮೇವು ಬಿಟ್ಟು ಜೊಲ್ಲು ಸುರಿಸುತ್ತದೆ.