ಹಗ್ಗದ ಮಂಚ, ಸೋಫಾದ ಪಟ್ಟಿ

ಸೋಫಾದಲ್ಲಿ ಕುಳಿತವರು ನಡುವಿಗೆ ಕುಸಿಯತೊಡಗಿದರೆ, ಏಳುವಾಗ ಕೈಯೂರಬೇಕಾಗಿ ಬಂದರೆ, ತಪ್ಪನ್ನು ಮೆತ್ತೆಯ ಮೇಲೆ ಹಾಕುವುದು ರೂಢಿ. ಅನೇಕ ವೇಳೆ ತಪ್ಪು ಮೆತ್ತೆಯದಲ್ಲ. ಅದರ ಕೆಳಗೆ ಚೌಕಟ್ಟಿಗೆ ಅಡ್ಡಲಾಗಿಯೂ ಉದ್ದಕ್ಕೂ ಬಿಗಿದಿರುವ ಪಟ್ಟಿಗಳದು. ಅವು ಸಡಿಲಾದವೆಂದರೆ ಎಷ್ಟು ಒಳ್ಳೆಯ ಮೆತ್ತೆಯೂ ನಿಲ್ಲದು. ಈ ಪಟ್ಟಿಯನ್ನು ಬದಲಿಸುವುದು ಮನೆಯಲ್ಲಿ ಆಗದ ಕೆಲಸವೆಂಬ ಭಾವನೆ ಇದೆ. ಆದರೆ ನಮ್ಮ ಹಳ್ಳಿಗಳಿಗೆ ಇದು ಹೊಸ ವಿದ್ಯೆಯೇನೂ ಅಲ್ಲ.

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಬೇಸಿಗೆಯ ರಾತ್ರಿ ಅಂಗಳಕ್ಕೆ ಬರುತ್ತಿದ್ದ ಹಗ್ಗದ ಮಂಚವನ್ನು ನೆನೆಯಬಹುದು. ಹಳೆಯ ಕನ್ನಡದ ಮಾತಿನಲ್ಲಿ ಅದು ಹೊರಸು. ನಾಲ್ಕು ಕಾಲು, ನಾಲ್ಕು ಪಟ್ಟಿ ಮರ, ನಡುವೆ ಹಗ್ಗದ ಹೆಣಿಗೆ. ಕೆಳಗಿನಿಂದಲೂ ಗಾಳಿ ಆಡುವುದರಿಂದ ಸೆಕೆಗೆ ಇದಕ್ಕಿಂತ ಹಿತವಾದ ಹಾಸಿಗೆ ಬೇರೆ ಬೇಡ. ಹಗ್ಗಕ್ಕೆ ತೆಂಗಿನ ನಾರು, ಬೇಲಿಯ ಕತ್ತಾಳೆಯ ನಾರು ಇದ್ದೇ ಇದ್ದವು. ಹಗ್ಗ ಹೊಸೆಯುವುದು ಗೌರವದ ಕಾಯಕವೂ ಆಗಿತ್ತು. ಹನ್ನೆರಡನೇ ಶತಮಾನದ ಶರಣ ನುಲಿಯ ಚಂದಯ್ಯನ ಹೆಸರಿನಲ್ಲೇ ಆ ಕಾಯಕ ಉಳಿದಿದೆ. ನುಲಿ ಎಂದರೆ ಹೊಸೆದ ಹುರಿ.

1333ರಲ್ಲಿ ಸಿಂಧೂ ನದಿಯ ತೀರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ ಮುಂದೆ ಹೊನ್ನಾವರ, ಮಂಗಳೂರುಗಳನ್ನೂ ಕಂಡವನು. ಭಾರತದ ಮಂಚಗಳು ಒಬ್ಬನೇ ಹೊತ್ತೊಯ್ಯುವಷ್ಟು ಹಗುರ, ಮೆತ್ತಗಾಗಲು ಅವಕ್ಕೆ ಬೇರೇನೂ ಬೇಕಿಲ್ಲ ಎಂಬ ಅರ್ಥದ ಮಾತನ್ನು ಅವನು ಬರೆದಿಟ್ಟಿದ್ದಾನೆ.

ಈ ಮಂಚದ ನಿಜವಾದ ಜಾಣತನ ಇರುವುದು ಕಾಲ್ದೆಸೆಯಲ್ಲಿ. ಹೆಣಿಗೆಯನ್ನು ಕೊನೆಯವರೆಗೂ ಒಯ್ಯದೆ ಅಲ್ಲಿ ಒಂದಿಷ್ಟು ಜಾಗ ಬಿಟ್ಟು, ಹೆಣಿಗೆಯ ಅಂಚಿಗೂ ಕಾಲ್ದೆಸೆಯ ಮರಕ್ಕೂ ನಡುವೆ ದಪ್ಪ ಹಗ್ಗವನ್ನು ಸುತ್ತಿ ಎಳೆದು ಕಟ್ಟುತ್ತಾರೆ. ಮಂಚ ಜೋತುಬಿತ್ತೆಂದರೆ ಆ ಹಗ್ಗದ ಗಂಟು ಬಿಚ್ಚಿ, ಮರಕ್ಕೆ ಪಾದ ಒತ್ತಿ, ಸುತ್ತಿನಿಂದ ಸುತ್ತಿಗೆ ಎಳೆಯುತ್ತ ಬಂದರೆ ಸಾಕು. ಬೇರೆ ಸಲಕರಣೆ ಬೇಡ; ಬಿಗಿಯುವ ಉಪಾಯ ಮಂಚದಲ್ಲೇ ಇದೆ.

ಹಗ್ಗದ ಜಾಗಕ್ಕೆ ಅಗಲವಾದ ಹತ್ತಿಯ ಪಟ್ಟಿ ಬಂದದ್ದು ನವಾರಿನ ಮಂಚ. ನವಾರು ಪರ್ಷಿಯನ್ ಮೂಲದ ಪದ. ಪಟ್ಟಿ ಎಂದೇ ಅದರ ಅರ್ಥ. ಕುರ್ಚಿ ಎಂಬ ಪದವೂ ಅರಬ್ಬಿಯಿಂದ ಬಂದದ್ದು. ಇಂಥ ಮಾತುಗಳನ್ನು ನಮ್ಮ ನಾಡಿಗೆ ತಂದದ್ದರಲ್ಲಿ ಪರ್ಷಿಯನ್ನಿನಲ್ಲಿ ನಡೆದ ಆಡಳಿತದ ಪಾಲು ದೊಡ್ಡದು. 1687ರಿಂದ 1757ರವರೆಗೆ ಮೊಗಲರ ಸುಬಾದ ಕೇಂದ್ರವಾಗಿದ್ದ ಶಿರಾ ಅಂಥ ಆಡಳಿತವನ್ನು ಕಂಡ ಊರು. ನವಾರನ್ನೂ ಮನೆಯವರೇ ಬಿಚ್ಚಿ, ಒಗೆದು, ಒಣಗಿಸಿ, ಮತ್ತೆ ಬಿಗಿಯುತ್ತಿದ್ದರು.

ಯೂರೋಪಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಕುದುರೆಯ ಜೀನನ್ನು ಹೊಟ್ಟೆಗೆ ಬಿಗಿಯುವಂಥ ಗಟ್ಟಿ ಪಟ್ಟಿಯನ್ನು ಅಲ್ಲಿನವರು ಕುರ್ಚಿಯ ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸಿದರು. ಹತ್ತೊಂಬತ್ತನೇ ಶತಮಾನದಲ್ಲಿ ಅದರ ಮೇಲೆ ಸುರುಳಿ ಸ್ಪ್ರಿಂಗುಗಳು ಏರಿದವು. ಬಂಗಾಳದ ಸೆಣಬು ಸ್ಕಾಟ್‌ಲೆಂಡಿನ ಡಂಡಿಯ ಗಿರಣಿಗಳಿಗೆ ಹೋಗಿ, ಸೆಣಬಿನ ಪಟ್ಟಿಯೂ ಬಳಕೆಗೆ ಬಂತು. 1951ರಲ್ಲಿ ಇಟಲಿಯ ಮಾರ್ಕೊ ಜಾನುಸೊ ರಬ್ಬರು ಪಟ್ಟಿಯ ಮೇಲೆ ನೊರೆರಬ್ಬರು ಇಟ್ಟ ಆರಾಮಕುರ್ಚಿಯನ್ನು ತೋರಿಸಿದ. ಆದರೆ ಮೊಳೆ ಹೊಡೆದ ಪಟ್ಟಿಗೆ ಬಿಚ್ಚುವ ಗಂಟಿಲ್ಲ, ಅಡಿಯಲ್ಲಿ ಬಟ್ಟೆಯ ಮುಸುಕು ಬೇರೆ. ಬಿಗಿಯುವ ಉಪಾಯ ಪೀಠೋಪಕರಣದಿಂದ ಹೊರಬಿದ್ದು ಕುಷನ್ ಕೆಲಸದವರ ಚೀಲ ಸೇರಿತು.

ಆ ಚೀಲದಲ್ಲಿ ಇರುವುದು ನಾಲ್ಕೈದು ಸಾಮಾನು ಮಾತ್ರ. ಹಳೆಯ ಮೊಳೆ ಎಬ್ಬಿಸಲು ಮೊಂಡು ಉಳಿ, ಮರದ ಕೊಡತಿ. ಮನೆಯಲ್ಲಾದರೆ ಹಳೆಯ ಸ್ಕ್ರೂಡ್ರೈವರು, ಇಕ್ಕಳ ಸಾಕು. ಉಳಿಯನ್ನು ಮರದ ಎಳೆ ಹರಿದ ದಿಕ್ಕಿನಲ್ಲೇ ನಡೆಸಬೇಕು, ಇಲ್ಲವಾದರೆ ಚೌಕಟ್ಟಿನ ಅಂಚು ಸೀಳುತ್ತದೆ. ಸುತ್ತಿಗೆ ಹಗುರವಾಗಿರಬೇಕು. ಇದಕ್ಕೆಂದೇ ಮಾಡಿದ ಸುತ್ತಿಗೆಯ ಒಂದು ತುದಿ ಅಯಸ್ಕಾಂತ. ಒಂದು ಕೈ ಪಟ್ಟಿ ಎಳೆದು ಹಿಡಿದಿರುವಾಗ ಮೊಳೆಯನ್ನು ಅದೇ ಎತ್ತಿಕೊಳ್ಳುತ್ತದೆ.

ಎಲ್ಲಕ್ಕೂ ಮುಖ್ಯವಾದದ್ದು ಪಟ್ಟಿ ಎಳೆಯುವ ಹಲಗೆ. ಅದು ಅಂಗೈ ಅಗಲದ ಮರದ ತುಂಡು, ನಡುವೆ ಒಂದು ಸೀಳುಕಂಡಿ. ಪಟ್ಟಿಯನ್ನು ಮಡಿಚಿ ಕಂಡಿಯಲ್ಲಿ ತೂರಿಸಿ, ಮಡಿಕೆಯೊಳಗೆ ಒಂದು ಗೂಟ ಸೇರಿಸಿದರೆ ಪಟ್ಟಿ ಜಾರದು. ಹಲಗೆಯ ಬುಡವನ್ನು ಚೌಕಟ್ಟಿನ ಹೊರಮೈಗೆ ಊರಿ ಹಿಡಿಯನ್ನು ಕೆಳಕ್ಕೆ ಒತ್ತಿದರೆ ಅದೇ ಸನ್ನೆಗೋಲು. ಬರಿಗೈಗೆ ಬಾರದ ಬಿಗಿ ಸುಲಭವಾಗಿ ಬರುತ್ತದೆ. ಮೊದಲ ತುದಿಯನ್ನು ಒಂದಂಗುಲ ಮಡಿಚಿ ಐದು ಮೊಳೆ, ಒಂದೇ ಸಾಲಿನಲ್ಲಿ ಬೇಡ, ಹಿಂದೆ ಮುಂದೆ, ಮರ ಬಿರಿಯದಿರಲೆಂದು. ಎಳೆದ ತುದಿಗೆ ಮೊದಲು ಮೂರು ಮೊಳೆ. ಬಳಿಕ ಪಟ್ಟಿಯನ್ನು ಒಂದಂಗುಲ ಬಿಟ್ಟು ಕತ್ತರಿಸಿ, ಮಡಿಚಿ, ಇನ್ನೆರಡು ಮೊಳೆ. ಅಡ್ಡಪಟ್ಟಿಗಳನ್ನು ಚಾಪೆಯಂತೆ ಒಂದರ ಮೇಲೆ ಇನ್ನೊಂದರ ಕೆಳಗೆ ಹೆಣೆಯಬೇಕು. ಸೆಣಬಿನ ಪಟ್ಟಿಯನ್ನು ಬೆರಳಿಂದ ಬಾರಿಸಿದರೆ ಕಾಯಿಸಿದ ತಮಟೆಯಂತೆ ನುಡಿಯಬೇಕು. ರಬ್ಬರು ಪಟ್ಟಿಗೆ ಈ ಲೆಕ್ಕವಿಲ್ಲ. ಅದನ್ನು ಉದ್ದದ ಶೇ 10ರ ಆಸುಪಾಸು ಎಳೆದರೆ ಸಾಕು. ಅತಿಯಾಗಿ ಬಿಗಿದರೆ ಹಳೆಯ ಚೌಕಟ್ಟಿನ ಕೀಲುಗಳೇ ಬಿಡುತ್ತವೆ.

ತೇಗದ ಚೌಕಟ್ಟು ಗಟ್ಟಿಯಾಗಿದ್ದರೂ ಕೆಲವು ಮಾರು ಪಟ್ಟಿ ಸಡಿಲಾದುದಕ್ಕೆ ಇಡೀ ಸೋಫಾ ಗುಜರಿಗೆ ಹೋಗುವುದುಂಟು. ಹಗ್ಗದ ಮಂಚವಿದ್ದ ಮನೆಗಳಲ್ಲಿ ಇಂಥ ನಷ್ಟವನ್ನು ಯಾರೂ ಒಪ್ಪುತ್ತಿರಲಿಲ್ಲ. ಕಬ್ಬಿಣದ ಮಡಿಸುವ ಮಂಚಕ್ಕೆ ಪ್ಲಾಸ್ಟಿಕ್ ನವಾರು ಬಿಗಿಯುವ ಕೈಗಳು ಈಗಲೂ ಊರುಗಳಲ್ಲಿ ಇವೆ. ಅವೇ ಕೈಗಳಿಗೆ ಸೋಫಾದ ಪಟ್ಟಿಯೂ ಒಗ್ಗುತ್ತದೆ. ಸೋಫಾವನ್ನು ಮಾರುವ ಮೊದಲು ಒಮ್ಮೆ ಬೋರಲು ಹಾಕಿ, ಅಡಿಯ ಬಟ್ಟೆ ಬಿಚ್ಚಿ ನೋಡುವುದು ಒಳ್ಳೆಯದು.